ಸೂರ್ಯಕಲೆಗಳು ಇಳಿಯುವ ವರ್ಷಗಳಿಗೆ ಡಿಎಕ್ಸ್ ಕೇಂದ್ರ ಸಜ್ಜುಗೊಳಿಸುವ ಬಗೆ

ಹವ್ಯಾಸಿ ರೇಡಿಯೋದಲ್ಲಿ ದೂರದೇಶದ ಸಂಪರ್ಕವನ್ನು ಡಿಎಕ್ಸ್ ಎಂದು ಕರೆಯುವ ರೂಢಿಯಿದೆ. ಸೂರ್ಯನ ಮೇಲಿನ ಕಪ್ಪು ಕಲೆಗಳು ಏರಿ ಇಳಿಯುವ 25ನೇ ಚಕ್ರ 2024ರ ಅಕ್ಟೋಬರ್ ಆಸುಪಾಸಿನಲ್ಲಿ ಶಿಖರ ಮುಟ್ಟಿದಾಗ 10 ಮೀಟರ್ ತರಂಗದ, ಅಂದರೆ 28 ಮೆಗಾಹರ್ಟ್ಸ್‌ನ ಬ್ಯಾಂಡಿನಲ್ಲಿ ಬಾಲ್ಕನಿಗೆ ಕಟ್ಟಿದ ತಂತಿಗೂ ಯುರೋಪು ಸಿಗುತ್ತಿತ್ತು. ಆಗ ಹೊಸದಾಗಿ ಪರವಾನಗಿ ಪಡೆದವರಲ್ಲಿ ಹಲವರು ಡಿಎಕ್ಸ್ ಎಂದರೆ ಇಷ್ಟೇ ಸುಲಭವೆಂದು ತಿಳಿದರು. ಆ ಚಕ್ರ ಆರಂಭವಾದದ್ದು 2019ರ ಡಿಸೆಂಬರಿನಲ್ಲಿ. ಒಂದು ಚಕ್ರದ ಸರಾಸರಿ ಅವಧಿ 11 ವರ್ಷವಾದ್ದರಿಂದ, 2030ರ ಸುಮಾರಿಗೆ ಸೂರ್ಯನ ಮೈಮೇಲೆ ದಿನಗಟ್ಟಲೆ ಒಂದು ಕಲೆಯೂ ಕಾಣದ ಕಾಲ ಬರುತ್ತದೆಂದು ಎಣಿಸಿಕೊಂಡೇ ಮುಂದಿನ ಸಿದ್ಧತೆ ಮಾಡಬೇಕು. ಕಲೆಗಳು ಕಡಿಮೆಯಾದಂತೆ ಸೂರ್ಯನಿಂದ ಬರುವ ತೀವ್ರ ನೇರಳಾತೀತ ಕಿರಣಗಳು ಕುಗ್ಗುತ್ತವೆ, ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರವಾದ ಅಯಾನುಗೋಳ ತೆಳುವಾಗುತ್ತದೆ, ಮೇಲಿನ ಆವರ್ತನದ ಅಲೆಗಳು ಬಾಗಿ ಭೂಮಿಗೆ ಮರಳುವ ಬದಲು ಬಾಹ್ಯಾಕಾಶಕ್ಕೆ ಹೊರಟುಹೋಗುತ್ತವೆ.

ಭೂಕಾಂತೀಯ ಸಮಭಾಜಕವೃತ್ತ ದಕ್ಷಿಣ ಭಾರತದ ತುದಿಯನ್ನು ಹಾದುಹೋಗುವುದರಿಂದಲೂ, ಸೂರ್ಯ ನಮ್ಮ ನೆತ್ತಿಯ ಹತ್ತಿರವೇ ಇರುವುದರಿಂದಲೂ ನಮಗೆ ಈ ಇಳಿತ ಉತ್ತರ ಯುರೋಪಿನವರಷ್ಟು ಕ್ರೂರವಲ್ಲ. ಅವರಿಗೆ 15 ಮೀಟರ್ ಬ್ಯಾಂಡು (21 ಮೆಗಾಹರ್ಟ್ಸ್) ಸತ್ತಂತಿರುವ ದಿನಗಳಲ್ಲೂ ನಮಗೆ ಆಫ್ರಿಕ ಕೇಳಿಸಬಹುದು. ನಮ್ಮ ನಿಜವಾದ ತೊಂದರೆ ಆಕಾಶದಲ್ಲಿಲ್ಲ, ಮನೆಯೊಳಗಿದೆ. ಹಾಗಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಫ್ಲ್ಯಾಟಿನಲ್ಲೋ ಸಣ್ಣ ಸೈಟಿನ ಮನೆಯಲ್ಲೋ ಇರುವವರು ಹಣವನ್ನೂ ಶ್ರಮವನ್ನೂ ಮೊದಲು ರೇಡಿಯೋದಲ್ಲಿ ಕೇಳುವ ವಿದ್ಯುತ್ ಗದ್ದಲ ತಗ್ಗಿಸಲು, ಆಮೇಲೆ ಆಂಟೆನಾಕ್ಕೆ, ಆಮೇಲೆ ಸಂವಹನ ವಿಧಾನಕ್ಕೆ, ಕಟ್ಟಕಡೆಗೆ ಪವರ್ ಹೆಚ್ಚಿಸಲು ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಬಹುಮಂದಿ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಪರವಾನಗಿಯ ವಿಷಯವನ್ನು ಚುಟುಕಾಗಿ ಹೇಳುವುದಾದರೆ, ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನಾ ವಿಭಾಗದ ಪರೀಕ್ಷೆ ಪಾಸು ಮಾಡಿ, ಸರಳ್ ಸಂಚಾರ್ ಪೋರ್ಟಲಿನ ಮೂಲಕ ಅರ್ಜಿ ಹಾಕಬೇಕು. ಜನರಲ್ ದರ್ಜೆಗೆ ಮೋರ್ಸ್ ಪರೀಕ್ಷೆಯಿದೆ, ರಿಸ್ಟ್ರಿಕ್ಟೆಡ್ ದರ್ಜೆಗೆ ಇಲ್ಲ. ಯಾವ ದರ್ಜೆಗೆ ಯಾವ ಬ್ಯಾಂಡು, ಎಷ್ಟು ವ್ಯಾಟು, ಯಾವ ವಿಧಾನಗಳು ಎಂಬ ಪಟ್ಟಿಯನ್ನು ಪರವಾನಗಿಯೊಂದಿಗೆ ಇಟ್ಟುಕೊಂಡು, ಮುಂದೆ ಹೇಳುವ ಪ್ರತಿಯೊಂದನ್ನೂ ಅದಕ್ಕೆ ತಾಳೆ ನೋಡಿಯೇ ಪ್ರಸಾರದ ಸ್ವಿಚ್ಚು ಒತ್ತಬೇಕು.

ಮೊದಲು ಗದ್ದಲ

ಸಂಕೇತದ ಬಲ ತೋರಿಸುವ, ರೇಡಿಯೋದ ಎಸ್ ಮೀಟರಿನಲ್ಲಿ ಒಂದೊಂದು ಅಂಕಕ್ಕೂ 6 ಡೆಸಿಬಲ್ ವ್ಯತ್ಯಾಸ. ಯಾರೂ ಮಾತಾಡದ ಆವರ್ತನದಲ್ಲಿ ನಿಮ್ಮ ಮೀಟರು ಎಸ್7 ತೋರಿಸುತ್ತಿದೆ, ಹಳ್ಳಿಯ ತೋಟದಲ್ಲಿ ಅದೇ ರೇಡಿಯೋ ಎಸ್2 ತೋರಿಸುತ್ತದೆ ಎಂದಿಟ್ಟುಕೊಳ್ಳಿ. ನಡುವಿನ 5 ಅಂಕವೆಂದರೆ 30 ಡೆಸಿಬಲ್, ಅಂದರೆ 1000 ಪಟ್ಟು. ತೋಟದಲ್ಲಿ 100 ವ್ಯಾಟಿಗೆ ಕೇಳಿಸುವ ಕೇಂದ್ರ ನಿಮ್ಮ ಫ್ಲ್ಯಾಟಿನಲ್ಲಿ ಅಷ್ಟೇ ಸ್ಪಷ್ಟವಾಗಿ ಕೇಳಬೇಕಾದರೆ ಎದುರಿನವನು 1,00,000 ವ್ಯಾಟು ಹಾಕಬೇಕಾಗುತ್ತದೆ. ನೀವು ಎಷ್ಟು ದೊಡ್ಡ ಆಂಪ್ಲಿಫೈಯರ್ ಕೊಂಡರೂ ಈ ಲೆಕ್ಕ ಸರಿಹೋಗುವುದಿಲ್ಲ, ಏಕೆಂದರೆ ಆಂಪ್ಲಿಫೈಯರು ನಿಮ್ಮ ಬಾಯಿಗೆ ಸಂಬಂಧಿಸಿದ್ದು, ತೊಂದರೆಯಿರುವುದು ನಿಮ್ಮ ಕಿವಿಗೆ.

ಗದ್ದಲ ಹುಡುಕುವ ಕ್ರಮ ಹೀಗಿದೆ. ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿ, 7 ಮತ್ತು 14 ಮೆಗಾಹರ್ಟ್ಸ್‌ಗಳಲ್ಲಿ ಖಾಲಿ ಜಾಗ ನೋಡಿಕೊಂಡು ಮೀಟರಿನ ಅಂಕ ಬರೆದಿಟ್ಟುಕೊಳ್ಳಿ. ಅನಂತರ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಬರೆಯಿರಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲವಾದರೆ ಕರೆಂಟು ಹೋದೊಡನೆ ಅದೇ ಎದ್ದು ಕೂತು ಎಲ್ಲಕ್ಕಿಂತ ಹೆಚ್ಚು ಗಲಾಟೆ ಮಾಡುತ್ತದೆ. ಅಂಕ ಧಡಕ್ಕನೆ ಇಳಿದರೆ ಅಪರಾಧಿ ನಿಮ್ಮ ಮನೆಯಲ್ಲೇ ಇದ್ದಾನೆ. ಎಂಸಿಬಿಗಳನ್ನು ಒಂದೊಂದಾಗಿ ಮೇಲೆತ್ತುತ್ತಾ ಬಂದರೆ ಯಾವ ಕೋಣೆಯೆಂದು ತಿಳಿಯುತ್ತದೆ, ಆ ಕೋಣೆಯ ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತರೆ ಯಾವ ಸಾಧನವೆಂದು ತಿಳಿಯುತ್ತದೆ. ಬಹುಪಾಲು ಸಲ ಅದು ಎಲ್ಇಡಿ ದೀಪದ ಡ್ರೈವರ್, ಮೊಬೈಲ್ ಚಾರ್ಜರ್, ನೀರು ಶುದ್ಧಿಯಂತ್ರದ ಅಡಾಪ್ಟರ್, ಇಲ್ಲವೇ ಚಾವಣಿಯ ಸೋಲಾರ್ ಇನ್ವರ್ಟರ್ ಆಗಿರುತ್ತದೆ.

ನನ್ನ ಮನೆಯಲ್ಲಿ ಮೇನ್ ಆಫ್ ಮಾಡಿದರೂ ಎಸ್8 ಕದಲಲಿಲ್ಲ. ಒಂದು ರಾತ್ರಿ ಸಣ್ಣ ಟ್ರಾನ್ಸಿಸ್ಟರನ್ನು ಎಎಂನಲ್ಲಿಟ್ಟು, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿಕೊಂಡು ಮೆಟ್ಟಿಲಿಳಿದೆ. ಪ್ರತಿ ಮಹಡಿಗೂ ಗುಂಯ್‌ಗುಡುವಿಕೆ ಏರುತ್ತಾ ಹೋಗಿ, ಪಾರ್ಕಿಂಗಿನ ಮೂರನೆಯ ಕಂಬದ ಟ್ಯೂಬ್‌ಲೈಟಿನ ಕೆಳಗೆ ಟ್ರಾನ್ಸಿಸ್ಟರು ಕಿರುಚಿಕೊಂಡಿತು. ಮರುದಿನ ಅಸೋಸಿಯೇಷನ್ ಸೆಕ್ರೆಟರಿಯವರನ್ನು ಅಲ್ಲಿಗೇ ಕರೆದೊಯ್ದು ಆ ಸದ್ದು ಕೇಳಿಸಿದೆ. “ಇದು ಇಷ್ಟೊಂದು ಒದರುತ್ತಾ ಸಾರ್?” ಎಂದವರು, ನಾನೇ ತಂದುಕೊಟ್ಟ ಬೇರೆ ಫಿಟ್ಟಿಂಗನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದರು. ಎಸ್8 ಹೋಗಿ ಎಸ್4 ಆಯಿತು. ನೆರೆಯವರಿಗೆ ತಾಂತ್ರಿಕ ವಿವರಣೆ ಕೊಡುವುದಕ್ಕಿಂತ ಟ್ರಾನ್ಸಿಸ್ಟರಿನಲ್ಲಿ ಕೇಳಿಸುವುದು ಮೇಲು; ಬದಲಿ ವಸ್ತುವಿನ ಖರ್ಚನ್ನು ನಾವೇ ವಹಿಸಿಕೊಂಡರೆ ಇನ್ನೂ ಮೇಲು.

ತೆಗೆಯಲಾಗದ ಗದ್ದಲವನ್ನು ಫೆರೈಟ್ ಎಂಬ ಕಾಂತೀಯ ವಸ್ತುವಿನ ಉಂಗುರದಿಂದ ತಡೆಯಬೇಕು. ಗದ್ದಲ ಮಾಡುವ ಸಾಧನದ ತಂತಿಯನ್ನು 31ನೇ ಮಿಶ್ರಣದ (‘ಮಿಕ್ಸ್ 31’) ಉಂಗುರಕ್ಕೆ ಹತ್ತಾರು ಸುತ್ತು ಸುತ್ತಿ. ಆಂಟೆನಾದ ಕೋಆಕ್ಸ್ ಕೇಬಲ್ಲಿಗೂ ಹಾಗೆಯೇ 10ರಿಂದ 12 ಸುತ್ತಿನ ಒಂದು ಚೋಕ್ ಹಾಕಿ. ಕೋಆಕ್ಸಿನ ಹೊರಹೊದಿಕೆಯೇ ಆಂಟೆನಾದಂತೆ ವರ್ತಿಸಿ ಮನೆಯೊಳಗಿನ ಗದ್ದಲವನ್ನು ಹೀರಿಕೊಂಡು ಬರುವುದನ್ನು ಈ ಚೋಕ್ ನಿಲ್ಲಿಸುತ್ತದೆ. ಉಂಗುರದ ಬೆಲೆ ಸ್ವಲ್ಪ ದುಬಾರಿ ಅನ್ನಿಸಿದರೂ ಅಷ್ಟೇ ಹಣಕ್ಕೆ ಇಷ್ಟು ಫಲ ಕೊಡುವ ಬೇರೆ ವಸ್ತು ಈ ಹವ್ಯಾಸದಲ್ಲಿ ನನಗೆ ಕಂಡಿಲ್ಲ.

ತಂತಿ ಮತ್ತು ಎತ್ತರ

ನಡುವೆ ಕೇಬಲ್ಲು ಜೋಡಿಸುವ ಅರ್ಧ ತರಂಗದ ತಂತಿ ಆಂಟೆನಾಕ್ಕೆ, ಅಂದರೆ ಡೈಪೋಲ್‌ಗೆ ಬೇಕಾದ ತಂತಿಯ ಉದ್ದ, ಮೀಟರುಗಳಲ್ಲಿ, 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದಷ್ಟು. 14.1 ಮೆಗಾಹರ್ಟ್ಸ್‌ಗೆ ಸುಮಾರು 10.1 ಮೀಟರ್, 21.1ಕ್ಕೆ 6.8 ಮೀಟರ್, 28.3ಕ್ಕೆ 5 ಮೀಟರಿಗಿಂತ ತುಸು ಹೆಚ್ಚು. ತಂತಿಯನ್ನು ಒಂದು ಗೇಣು ಉದ್ದವಾಗಿಯೇ ಕತ್ತರಿಸಿ, ಮೇಲೆ ಕಟ್ಟಿ ಅಳೆದು, ಆಮೇಲೆ ಮೊಟಕುಮಾಡುವುದು ಲೇಸು. ಸೂರ್ಯ ಇಳಿಯುವ ವರ್ಷಗಳಲ್ಲಿ ಹಗಲಿಗೆ 20 ಮೀಟರ್ (14 ಮೆಗಾಹರ್ಟ್ಸ್), ಇರುಳಿಗೆ 30 ಮತ್ತು 40 ಮೀಟರ್ (10 ಮತ್ತು 7 ಮೆಗಾಹರ್ಟ್ಸ್) ಬ್ಯಾಂಡುಗಳೇ ದುಡಿಯುವ ಎತ್ತುಗಳಾದ್ದರಿಂದ, ಈಗ 10 ಮೀಟರಿನ ಆಂಟೆನಾ ಮಾತ್ರ ಇರುವವರು ಕೆಳಗಿನ ಬ್ಯಾಂಡುಗಳಿಗೂ ಏರ್ಪಾಡು ಮಾಡಿಕೊಳ್ಳಬೇಕು. ಜಾಗ ಇಕ್ಕಟ್ಟಾಗಿದ್ದರೆ, ಸುಮಾರು 20 ಮೀಟರ್ ತಂತಿಯ ಒಂದು ತುದಿಗೆ ತಂತಿಯನ್ನು ಕೇಬಲ್ಲಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್ ಹಾಕಿದ ಆಂಟೆನಾ 40, 20, 15, 10 ಮೀಟರ್ ನಾಲ್ಕಕ್ಕೂ ಒದಗುತ್ತದೆ. ನೀರಿನ ಟ್ಯಾಂಕಿನಿಂದ ಎದುರಿನ ಪ್ಯಾರಪೆಟ್ಟಿಗೆ ಓರೆಯಾಗಿ ಎಳೆದರೂ ಅದು ಕೆಲಸ ಮಾಡುತ್ತದೆ.

ದೂರ ಹೋಗುವ ಅಲೆ ದಿಗಂತಕ್ಕೆ ಹತ್ತಿರವಾಗಿ ಹೊರಡಬೇಕು. 20 ಮೀಟರ್ ಬ್ಯಾಂಡಿನ ಡೈಪೋಲನ್ನು ಅರ್ಧ ತರಂಗದಷ್ಟು, ಅಂದರೆ 10 ಮೀಟರ್ ಎತ್ತರದಲ್ಲಿ ಕಟ್ಟಿದರೆ ಶಕ್ತಿ ಸುಮಾರು 30 ಡಿಗ್ರಿ ಕೋನದಲ್ಲಿ ಹೊರಡುತ್ತದೆ. ಅದನ್ನೇ 5 ಮೀಟರಿಗೆ ಇಳಿಸಿದರೆ ಹೆಚ್ಚಿನ ಭಾಗ ನೆತ್ತಿಯ ಕಡೆಗೆ ಹೋಗಿ ಹತ್ತಿರದ ರಾಜ್ಯಗಳಲ್ಲಿ ಬೀಳುತ್ತದೆ. ಕಂಬಕ್ಕಿಂತ ಸಮುದ್ರ ಇನ್ನೂ ದೊಡ್ಡ ನೆರವು. ಉಪ್ಪುನೀರು ಉತ್ತಮ ವಾಹಕವಾದ್ದರಿಂದ ಮಲ್ಪೆಯಲ್ಲೋ ಕಾರವಾರದಲ್ಲೋ ನೀರಿನ ಅಂಚಿಗೆ ನೆಟ್ಟ ಸಾಧಾರಣ ಲಂಬ ಆಂಟೆನಾದಿಂದ ಅಲೆ ಬಹಳ ಕೆಳಗಿನ ಕೋನದಲ್ಲಿ ಪಶ್ಚಿಮಕ್ಕೆ ಹೊರಡುತ್ತದೆ. ಆದರೆ ಪರವಾನಗಿಯಲ್ಲಿ ನಮೂದಾದ ವಿಳಾಸ ಬಿಟ್ಟು ಬೇರೆಡೆ ಪ್ರಸಾರ ಮಾಡುವ ಮುನ್ನ ಅದಕ್ಕಿರುವ ನಿಯಮ ನೋಡಿಕೊಳ್ಳಬೇಕು.

ಕೇಬಲ್ಲಿನ ವಿಷಯದಲ್ಲಿ ಜಿಪುಣತನ ಬೇಡ. 28 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಉದ್ದದ ತೆಳು ಆರ್‌ಜಿ-58 ಕೇಬಲ್ಲು ನಿಮ್ಮ ಪವರಿನ ಹೆಚ್ಚುಕಡಿಮೆ ಅರ್ಧವನ್ನು ಬರಿದೇ ಬಿಸಿಮಾಡಿ ಕಳೆಯುತ್ತದೆ. ತಂತಿಯನ್ನು ಕರೆಂಟು ಕಂಬದ ಲೈನಿನ ಹತ್ತಿರಕ್ಕೂ ಒಯ್ಯಬಾರದು. ಬೀಳುವ ತಂತಿ ಎಲ್ಲಿ ಬೀಳುತ್ತದೆಂದು ಕಟ್ಟುವ ಮೊದಲೇ ಯೋಚಿಸಬೇಕು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ಕೆಲಸ ಮುಗಿದೊಡನೆ ಕೋಆಕ್ಸನ್ನು ರೇಡಿಯೋದಿಂದ ಬಿಚ್ಚಿ ಮನೆಯ ಹೊರಗಿಡುವುದು ಸಿಡಿಲು ತಡೆಯುವ ಯಾವ ಅರೆಸ್ಟರಿಗಿಂತಲೂ ನಂಬಿಕಸ್ತ ಉಪಾಯ.

ಬ್ಯಾಂಡ್ ತೆರೆದಿದೆಯೇ ಎಂದು ತಿಳಿಯುವುದು

ಸೂರ್ಯ ಉತ್ತುಂಗದಲ್ಲಿದ್ದಾಗ ರೇಡಿಯೋ ಹಚ್ಚಿದರೆ ಸಾಕು, ಯಾರಾದರೂ ಸಿಗುತ್ತಾರೆ. ಇಳಿಗಾಲದಲ್ಲಿ ಬ್ಯಾಂಡು ಕೆಲವು ನಿಮಿಷ ಮಾತ್ರ ತೆರೆಯುವುದುಂಟು. ಅದನ್ನು ಹಿಡಿಯುವ ವಿದ್ಯೆಯನ್ನು ಈಗಲೇ ಅಭ್ಯಾಸ ಮಾಡಬೇಕು. ಇದಕ್ಕೆ ತಾವಾಗಿಯೇ ಸಂಕೇತ ಕಳಿಸುತ್ತಿರುವ ಕೇಂದ್ರಗಳ, ಅಂದರೆ ಬೀಕನ್‌ಗಳ ಅಂತರರಾಷ್ಟ್ರೀಯ ಜಾಲವೇ ಒಳ್ಳೆಯ ಗುರು. ಜಗತ್ತಿನ 18 ಬೀಕನ್‌ಗಳು 14.100, 18.110, 21.150, 24.930, 28.200 ಮೆಗಾಹರ್ಟ್ಸ್‌ಗಳಲ್ಲಿ ಸರದಿಯಂತೆ 10 ಸೆಕೆಂಡು ಪ್ರಸಾರ ಮಾಡುತ್ತವೆ. 3 ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ನಮ್ಮ ಗಡಿಯಾರ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದ್ದರೂ 30 ನಿಮಿಷ 3ರಿಂದ ಸಮನಾಗಿ ಭಾಗವಾಗುವುದರಿಂದ ಸುತ್ತು ನಮ್ಮ ಗಡಿಯಾರದ ಗಂಟೆಗೂ ಸರಿಯಾಗಿಯೇ ಆರಂಭವಾಗುತ್ತದೆ. ಪ್ರತಿ ಬೀಕನ್ ತನ್ನ ಕರೆಸಂಕೇತವನ್ನು ಮೋರ್ಸ್‌ನಲ್ಲಿ 100 ವ್ಯಾಟಿನಲ್ಲಿ ಹೇಳಿ, ಬಳಿಕ 100, 10, 1, 0.1 ವ್ಯಾಟಿನ ನಾಲ್ಕು ಉದ್ದ ಗೆರೆಗಳನ್ನು (ಡ್ಯಾಶ್ ಸದ್ದುಗಳನ್ನು) ಕಳಿಸುತ್ತದೆ.

14.100ರಲ್ಲಿ ಕೂತು ಗಡಿಯಾರ ನೋಡಿ. ಸುತ್ತಿನ 50ನೇ ಸೆಕೆಂಡಿಗೆ ಆಸ್ಟ್ರೇಲಿಯದ ಪರ್ತ್, 1 ನಿಮಿಷ 30 ಸೆಕೆಂಡಿಗೆ ಶ್ರೀಲಂಕಾದ 4ಎಸ್7ಬಿ, 2 ನಿಮಿಷ 10 ಸೆಕೆಂಡಿಗೆ ಫಿನ್ಲೆಂಡಿನ ಓಎಚ್2ಬಿ ಬರಬೇಕು. ರಿಪೇರಿಗೆಂದು ಯಾವುದಾದರೊಂದು ನಿಂತಿರುವುದೂ ಉಂಟು. ಹೊಸಬರು 4ಎಸ್7ಬಿ ಜೋರಾಗಿ ಕೇಳಿಸಿತೆಂದು ಹಿಗ್ಗುತ್ತಾರೆ. ಕೊಲಂಬೊ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಅದು ಕೇಳಿಸಿದರೆ ನೆತ್ತಿಯ ಮೇಲಿನ ಅಯಾನುಗೋಳ ದಟ್ಟವಾಗಿದೆ ಎಂದಷ್ಟೇ ಅರ್ಥ. ಫಿನ್ಲೆಂಡಿನ ಎರಡನೆಯ ಗೆರೆ, ಅಂದರೆ 10 ವ್ಯಾಟಿನದು, ಕೇಳಿಸಿತೆಂದರೆ ಆಗ ಮೈಕ್ ಹಿಡಿಯಬಹುದು. ಮೂರನೆಯದೂ ಕೇಳಿಸಿದರೆ ಊಟ ತಡವಾದರೂ ಪರವಾಗಿಲ್ಲ.

ಅಮೆರಿಕದ ಸಂಗತಿ ಬೇರೆ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ಸುಮಾರು 13,400 ಕಿಲೋಮೀಟರ್, ಆಂಟೆನಾ ತೋರಬೇಕಾದ ದಿಕ್ಕು 335 ಡಿಗ್ರಿ. ಸ್ಯಾನ್‌ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರ್, ದಿಕ್ಕು 20 ಡಿಗ್ರಿ. ಭೂಪಟದಲ್ಲಿ ಪಶ್ಚಿಮಕ್ಕೋ ಪೂರ್ವಕ್ಕೋ ಕಾಣುವ ದೇಶಕ್ಕೆ ರೇಡಿಯೋ ಅಲೆ ಉತ್ತರಕ್ಕೆ ಹೋಗಿ ಆರ್ಕ್ಟಿಕ್ ಅಂಚನ್ನು ಹಾಯ್ದು ಇಳಿಯುತ್ತದೆ. ಅಲ್ಲಿ ಧ್ರುವಪ್ರಭೆಯ ಪಟ್ಟಿ ಅಲೆಯನ್ನು ನುಂಗಿಹಾಕುತ್ತದೆ. ಹೀಗಾಗಿ ಅಮೆರಿಕ ಬೇಕಿದ್ದರೆ ಸೂರ್ಯಕಲೆಗಳ ಸಂಖ್ಯೆಗಿಂತ ಮೊದಲು ಭೂಕಾಂತೀಯ ಕಲಕನ್ನು 0ರಿಂದ 9ರವರೆಗೆ ಅಳೆಯುವ ಕೆಪಿ ಸೂಚ್ಯಂಕ ನೋಡಬೇಕು: ಅದು 1 ಅಥವಾ 2 ಇದ್ದ ಬೆಳಗಿನ ಜಾವ ಪ್ರಯತ್ನಿಸಿ, 5 ದಾಟಿದ ದಿನ ಆಫ್ರಿಕದ ಕಡೆ ತಿರುಗಿ. 2024ರ ಮೇ 10ರ ಮಹಾ ಭೂಕಾಂತೀಯ ಬಿರುಗಾಳಿಯಂಥದ್ದಾದರೆ ಶಾರ್ಟ್‌ವೇವ್ ದಿಕ್ಕೆಟ್ಟುಹೋಗುತ್ತದೆ. ಇಳಿಗಾಲದ ಒಂದು ಲಾಭವೆಂದರೆ ಭಾರಿ ಬಿರುಗಾಳಿಗಳು ಅಪರೂಪವಾಗಿ, ಈ ಉತ್ತರದ ದಾರಿ 20 ಮತ್ತು 40 ಮೀಟರ್‌ಗಳಲ್ಲಿ ಹೆಚ್ಚು ದಿನ ಶಾಂತವಾಗಿರುತ್ತದೆ. ಸೂರ್ಯೋದಯ, ಸೂರ್ಯಾಸ್ತಗಳ ಮುಸುಕು ಬೆಳಕಿನ ಅರ್ಧ ಗಂಟೆಯನ್ನು 40 ಮೀಟರ್‌ಗೆ ಮೀಸಲಿಡಿ. ಆ ಹೊತ್ತಿಗೆ ಅಯಾನುಗೋಳದ, ಅಲೆಯನ್ನು ಹೀರುವ ಕೆಳಗಿನ ಡಿ ಪದರ ಇನ್ನೂ ಹುಟ್ಟಿರುವುದಿಲ್ಲ ಅಥವಾ ಕರಗಿಹೋಗಿರುತ್ತದೆ, ಮೇಲಿನ ಪದರ ಮಾತ್ರ ಅಲೆಯನ್ನು ಮರಳಿಸುತ್ತಿರುತ್ತದೆ.

ಎಫ್‌ಟಿ8 ಮತ್ತು ಮೋರ್ಸ್

2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ ಕಂಪ್ಯೂಟರಿನಿಂದ ಕಿರು ಸಂದೇಶ ಕಳಿಸುವ ಎಫ್‌ಟಿ8 ವಿಧಾನವನ್ನು ಹೊರತಂದ ಮೇಲೆ ಡಿಎಕ್ಸ್‌ನ ಬಹುಭಾಗ ಅದಕ್ಕೇ ವಾಲಿತು. ಟೇಲರ್ ಅವರು ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರಗಳ ಸಂಶೋಧನೆಗಾಗಿ 1993ರ ಭೌತಶಾಸ್ತ್ರದ ನೊಬೆಲ್ ಪಡೆದವರು. ಕ್ಷೀಣ ಸಂಕೇತಗಳನ್ನು ಗದ್ದಲದಿಂದ ಹೆಕ್ಕುವುದು ಅವರಿಗೆ ಹೊಸತೇನಲ್ಲ. ಇದರಲ್ಲಿ 15 ಸೆಕೆಂಡಿನ ಸರದಿಗಳು, ಸುಮಾರು 50 ಹರ್ಟ್ಸ್ ಅಗಲ. ಕಿವಿಗೆ ಏನೂ ಕೇಳಿಸದಿದ್ದಾಗಲೂ, ಸಂಕೇತ ಗದ್ದಲಕ್ಕಿಂತ 20 ಡೆಸಿಬಲ್ ಕೆಳಗಿದ್ದರೂ ಕಂಪ್ಯೂಟರು ಅದನ್ನು ಓದುತ್ತದೆ. ಇಳಿಗಾಲಕ್ಕೆ ಇದು ಊರುಗೋಲಾಗುವುದರಲ್ಲಿ ಸಂಶಯವಿಲ್ಲ.

ಹೊಂದಿಸುವಾಗ ನಾಲ್ಕು ಕಡೆ ಜನ ಎಡವುತ್ತಾರೆ. ಕಂಪ್ಯೂಟರಿನ ಗಡಿಯಾರವನ್ನು ಒಂದು ಸೆಕೆಂಡಿಗಿಂತ ಕಡಿಮೆ ವ್ಯತ್ಯಾಸಕ್ಕೆ ತರಬೇಕು. ಇಂಟರ್ನೆಟ್ ಇಲ್ಲದ ಕಡೆ ಜಿಪಿಎಸ್ ರಿಸೀವರ್ ಬಳಸಿ. 14.074, 21.074, 7.074 ಮೆಗಾಹರ್ಟ್ಸ್‌ಗಳಲ್ಲಿ ಯಾವಾಗಲೂ ಮೇಲಿನ ಸೈಡ್‌ಬ್ಯಾಂಡನ್ನೇ ಆರಿಸಬೇಕು. ಕಂಪ್ಯೂಟರಿನಿಂದ ರೇಡಿಯೋಗೆ ಹೋಗುವ ಧ್ವನಿಮಟ್ಟವನ್ನು, ಅದು ಮಿತಿಮೀರಿದ್ದನ್ನು ತೋರಿಸುವ ಎಎಲ್‌ಸಿ ಮುಳ್ಳು ಅಲುಗದಷ್ಟು ತಗ್ಗಿಸಬೇಕು, ಇಲ್ಲವಾದರೆ ನಿಮ್ಮ ಒಂದು ಸಂಕೇತ ನಾಲ್ಕು ಕಡೆ ಕಾಣಿಸಿಕೊಂಡು ಬೈಸಿಕೊಳ್ಳುತ್ತೀರಿ. ಪ್ರತಿ ಸರದಿಯಲ್ಲಿ 12.64 ಸೆಕೆಂಡು ಪೂರ್ಣ ಪ್ರಸಾರ ನಡೆಯುವುದರಿಂದ 100 ವ್ಯಾಟಿನ ರೇಡಿಯೋವನ್ನು ಅರ್ಧಕ್ಕೆ ಇಳಿಸಿ ಓಡಿಸುವುದು ಕ್ಷೇಮ. ಸಂದೇಶದಲ್ಲಿ ಹೋಗುವ, ಭೂಪಟದ ಚೌಕ ತಿಳಿಸುವ ಸ್ಥಳಸೂಚಕ ಬೆಂಗಳೂರು ಮೈಸೂರುಗಳಿಗೆ ಎಂಕೆ82, ಮಂಗಳೂರಿಗೆ ಎಂಕೆ72, ಹುಬ್ಬಳ್ಳಿ ಧಾರವಾಡಕ್ಕೆ ಎಂಕೆ75, ಕಲಬುರಗಿಗೆ ಎಂಕೆ87.

ಇದು ಯಂತ್ರ ಯಂತ್ರಗಳ ಮಾತು, ಮನುಷ್ಯರದ್ದಲ್ಲ ಎಂಬ ಹಳಬರ ಗೊಣಗಾಟದಲ್ಲಿ ಸತ್ಯವಿದೆ. ಎಫ್‌ಟಿ8ರಲ್ಲಿ ಎದುರಿನವರ ಊರಿನಲ್ಲಿ ಮಳೆ ಬಂತೇ ಎಂದು ಕೇಳಲು ಜಾಗವಿಲ್ಲ. ಅದಕ್ಕಾಗಿಯೇ ಮೋರ್ಸ್ ಕಲಿಯಬೇಕೆಂದು ನಾನು ಹೇಳುವುದು. ಧ್ವನಿ ಮುಳುಗಿಹೋದ ಎಷ್ಟೋ ಸಂಜೆಗಳಲ್ಲಿ ಮೋರ್ಸ್ ನಿಲ್ಲುತ್ತದೆ. ಕಂಪ್ಯೂಟರೂ ಬೇಡ, ಗಡಿಯಾರವೂ ಬೇಡ, ಕೈಯಿಂದ ಕಟ್ಟಿದ 5 ವ್ಯಾಟಿನ ಪೆಟ್ಟಿಗೆಗೂ ಸಾಕು. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ ಬಿಟ್‌ಎಕ್ಸ್ ಸರಣಿಯ ಸರ್ಕೀಟುಗಳಿಂದ ಅಂಥ ಪೆಟ್ಟಿಗೆ ಕಟ್ಟಿಕೊಂಡವರು ಪ್ರಪಂಚದ ಎಲ್ಲೆಡೆ ಇದ್ದಾರೆ.

ಸೂರ್ಯನ ಹಂಗಿಲ್ಲದ ದಾರಿ

2018ರ ನವೆಂಬರಿನಲ್ಲಿ ಹಾರಿದ ಕತಾರಿನ ಎಸ್‌ಹೈಲ್-2 ಉಪಗ್ರಹದಲ್ಲಿ ಹವ್ಯಾಸಿಗಳ ಸಂಕೇತ ಪಡೆದು ಮರಳಿ ಭೂಮಿಗೆ ಕಳಿಸುವ ಕ್ಯೂಓ-100 ಎಂಬ ಟ್ರಾನ್ಸ್‌ಪಾಂಡರ್ ಇದೆ. ಭೂಸ್ಥಿರ ಕಕ್ಷೆಯಲ್ಲಿ ಹವ್ಯಾಸಿಗಳಿಗೆ ಸಿಕ್ಕ ಮೊದಲನೆಯದು ಅದೇ. ಹವ್ಯಾಸಿ ಉಪಗ್ರಹ ನಮಗೆ ಅಪರಿಚಿತವಲ್ಲ: ಇಸ್ರೋ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ 2014ರವರೆಗೆ ದುಡಿಯಿತು. ಆದರೆ ಅದು ಕೆಳಕಕ್ಷೆಯದ್ದಾದ್ದರಿಂದ ಕೆಲವೇ ನಿಮಿಷ ತಲೆಯ ಮೇಲೆ ಹಾದು ಮರೆಯಾಗುತ್ತಿತ್ತು. ಕ್ಯೂಓ-100 ಬ್ರೆಜಿಲ್‌ನಿಂದ ಥಾಯ್ಲೆಂಡಿನವರೆಗೆ ದಿನದ 24 ಗಂಟೆಯೂ ಕಾಣುತ್ತದೆ.

ಕೇಳಲು ಬೇಕಾದ ಸಾಮಾನು ಕಡಿಮೆ: ಕಳಚಿಟ್ಟ 60ರಿಂದ 90 ಸೆಂಟಿಮೀಟರಿನ ಡಿಟಿಎಚ್ ಡಿಷ್, ಡಿಷ್‌ನ ಮುಂದೆ ನಿಂತು ಸಂಕೇತ ಹಿಡಿಯುವ, ಸ್ಥಿರ ಆವರ್ತನದ ಪಿಎಲ್ಎಲ್ ಮಾದರಿಯ ಎಲ್‌ಎನ್‌ಬಿ, ಅದಕ್ಕೆ ಕೇಬಲ್ಲಿನ ಮೂಲಕ ವಿದ್ಯುತ್ ಕೊಡುವ ಬಯಾಸ್ ಟೀ, ಕಂಪ್ಯೂಟರಿನಲ್ಲೇ ರೇಡಿಯೋ ಕೇಳಿಸುವ ಒಂದು ಯುಎಸ್‌ಬಿ ಎಸ್‌ಡಿಆರ್ ಡಾಂಗಲ್. ಬೆಂಗಳೂರಿನಿಂದ ಡಿಷ್ ಬಹುತೇಕ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ, ಅಂದರೆ 260 ಡಿಗ್ರಿಗೆ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರಕ್ಕೆ ನೋಡಬೇಕು. ಡಿಟಿಎಚ್ ಡಿಷ್ ಆಫ್‌ಸೆಟ್ ಮಾದರಿಯದಾದ್ದರಿಂದ ಅದರ ಮುಖ ಕಣ್ಣಿಗೆ ಅದಕ್ಕಿಂತ ನೇರವಾಗಿ ನಿಂತಂತೆ ಕಾಣುತ್ತದೆ. ಇದೇ ಕಡೆ ಹೆಚ್ಚು ಜನ ದಾರಿ ತಪ್ಪುವುದು. ಉಪಗ್ರಹದಿಂದ 10489.5 ಮೆಗಾಹರ್ಟ್ಸ್ ಮೇಲೆ ಬರುವ ಸಂಕೇತವನ್ನು 9750ರ ಎಲ್‌ಎನ್‌ಬಿ 739.5 ಮೆಗಾಹರ್ಟ್ಸ್‌ಗೆ ಇಳಿಸಿ ಡಾಂಗಲಿಗೆ ಕೊಡುತ್ತದೆ. ಮೇಲಕ್ಕೆ ಕಳಿಸುವುದು 2400 ಮೆಗಾಹರ್ಟ್ಸ್‌ನಲ್ಲಿ. ನಿಮ್ಮ ಪರವಾನಗಿಯ ಪಟ್ಟಿಯಲ್ಲಿ ಆ ಬ್ಯಾಂಡ್ ಇದೆಯೇ ಎಂದು ಖಚಿತಪಡಿಸಿಕೊಳ್ಳುವವರೆಗೆ ಕೇಳುವುದರಲ್ಲೇ ತೃಪ್ತರಾಗಬೇಕು. ಪ್ರಸಾರ ಮಾಡಿದಾಗ ನಿಮ್ಮದೇ ದನಿ ಕಾಲು ಸೆಕೆಂಡು ತಡವಾಗಿ ಕಿವಿಗೆ ಬಂದು ಮಾತು ತೊದಲಿಸುತ್ತದೆ. ಯಾವಾಗ ಬೇಕಾದರೂ ಸಿಗುವ ದೂರ ನಿಜವಾದ ದೂರವೇ ಎಂಬ ತಕರಾರು ನನಗೂ ಇದೆ. ಅಮೆರಿಕ ಇದರ ವ್ಯಾಪ್ತಿಗೆ ಬರುವುದೂ ಇಲ್ಲ. ಆದರೂ ಕಲೆಯಿಲ್ಲದ ಸೂರ್ಯನ ವಾರಗಳಲ್ಲಿ ಮೈಕು ತುಕ್ಕು ಹಿಡಿಯದಂತೆ ಕಾಯಲು ಇದು ಸಾಕು.

ಕೇಂದ್ರ ಒಂದು ಕಡೆ, ನಡೆಸುವವರು ಇನ್ನೊಂದು ಕಡೆ

ಊರಿನ ಗದ್ದಲ ಗೆಲ್ಲಲಾಗದವರು ರೇಡಿಯೋವನ್ನೇ ತೋಟದ ಮನೆಯಲ್ಲಿಟ್ಟು ಇಂಟರ್ನೆಟ್ ಮೂಲಕ ನಡೆಸುವ ದಿನಗಳು ಬಂದಿವೆ. 2024ರಲ್ಲಿ ಪೆಸಿಫಿಕ್ಕಿನ ಜಾರ್ವಿಸ್ ದ್ವೀಪಕ್ಕೆ ಎನ್5ಜೆ ಕರೆಸಂಕೇತದಲ್ಲಿ ನಡೆದ ಡಿಎಕ್ಸ್ ಯಾತ್ರೆಯಲ್ಲಿ ರೇಡಿಯೋ ಪೆಟ್ಟಿಗೆಗಳನ್ನು ದಡದಲ್ಲಿಟ್ಟು ಹಡಗಿನಿಂದ ನಡೆಸಿದರು. ಪಕ್ಷಿಧಾಮವಾದ ದ್ವೀಪಗಳಲ್ಲಿ ತಂಡಗಳು ವಾರಗಟ್ಟಲೆ ಬೀಡುಬಿಡುವ ಕಾಲ ಕಳೆಯುತ್ತಿದೆ. ನಮ್ಮಲ್ಲಿ ಮಾಡುವುದಾದರೆ ಕೇಂದ್ರದ ವಿಳಾಸಕ್ಕೂ ನಡೆಸುವ ರೀತಿಗೂ ಲಿಖಿತ ಅನುಮತಿ ಮೊದಲು ಕೇಳಿ. ತಾಂತ್ರಿಕವಾಗಿ ಬೇಕಾದದ್ದು ಮೂರೇ: ಸಂಪರ್ಕ ಕಡಿದೊಡನೆ ಪ್ರಸಾರ ತಾನೇ ನಿಲ್ಲುವ ಟೈಮರ್, ಗುಡುಗಿನ ಮುನ್ಸೂಚನೆ ಬಂದಾಗ ಆಂಟೆನಾವನ್ನು ದೂರದಿಂದಲೇ ಕಳಚಿ ಭೂಮಿಗೆ ಕೊಡುವ ರಿಲೇ, ಮತ್ತು ರೀಸೆಟ್ ಒತ್ತಲು ಒಪ್ಪುವ ಒಬ್ಬ ರೈಟರು (ತೋಟದ ಮೇಲ್ವಿಚಾರಕ). ಕಾಫಿ ತೋಟದಲ್ಲಿ ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

ಸಂಪರ್ಕಗಳನ್ನು ದೃಢಪಡಿಸುವ ಲಾಗ್‌ಬುಕ್ ಆಫ್ ದ ವರ್ಲ್ಡ್ ಎಂಬ ಆನ್‌ಲೈನ್ ದಾಖಲೆಗೆ ನಿಮ್ಮ ಸಂಪರ್ಕಗಳನ್ನು ವಾರಕ್ಕೊಮ್ಮೆ ಏರಿಸಿ. ದೇಶ-ದ್ವೀಪಗಳನ್ನು ಎಣಿಸುವ ಡಿಎಕ್ಸ್‌ಸಿಸಿ ಪ್ರಶಸ್ತಿಯ ಪಟ್ಟಿಯ 340 ಪ್ರದೇಶಗಳಲ್ಲಿ 100 ದೃಢಪಟ್ಟರೆ ಮೊದಲ ಪ್ರಶಸ್ತಿ. ನಮ್ಮವೇ ಆದ ಅಂಡಮಾನ್ ನಿಕೋಬಾರ್, ಲಕ್ಷದ್ವೀಪಗಳು ಆ ಪಟ್ಟಿಯಲ್ಲಿ ಭಾರತದಿಂದ ಬೇರೆಯಾಗಿಯೇ ಎಣಿಕೆಯಾಗುತ್ತವೆ. 2004ರ ಡಿಸೆಂಬರ್ 26ರ ಸುನಾಮಿ ಬಡಿದಾಗ ಪೋರ್ಟ್‌ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಅವರ ಡಿಎಕ್ಸ್ ತಂಡ ಕ್ಷಣದಲ್ಲಿ ತುರ್ತು ಸಂಪರ್ಕದ ಕೇಂದ್ರವಾಗಿ ಬದಲಾದದ್ದು ಇದೇ ಹವ್ಯಾಸದ ಸಲಕರಣೆಗಳಿಂದ. ಲಾಗಿನ ಜೊತೆಗೆ ಇನ್ನೊಂದು ಪುಟ ಇಟ್ಟುಕೊಳ್ಳಿ: ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ, ಬ್ಯಾಟರಿಯ ಮೇಲೆ, 7.050 ಮತ್ತು 14.150ರ ಸುತ್ತಮುತ್ತ ಖಾಲಿ ಜಾಗದಲ್ಲಿ ಮೀಟರ್ ಎಷ್ಟು ತೋರಿಸಿತೆಂದು ಬರೆಯಿರಿ. ಒಂದು ತಿಂಗಳು ಅಂಕ ಎರಡು ಏರಿದೆಯೆಂದರೆ ಬಿಲ್ಡಿಂಗಿನಲ್ಲಿ ಯಾರೋ ಹೊಸ ದೀಪ ಹಾಕಿಸಿದ್ದಾರೆ. ಟ್ರಾನ್ಸಿಸ್ಟರು ತೆಗೆದುಕೊಂಡು ಮೆಟ್ಟಿಲಿಳಿಯಿರಿ.